ಮಗಳಿಗೊಂದು ಪತ್ರ: ಮೊದಲು ಪಟ ನಿಲ್ಲಿಸೋದು ಕಲಿ

ಮಡಗಾಂವ್
ಭಾನುವಾರ ಸಂಜೆ

ಪುಟ್ಟಿ,

ನೀನು ಎರಡು ದಾರದ ಗಾಳಿಪಟ ಹಾರಿಸಿ ಕಳಿಸಿದ ವಿಡಿಯೋ ಮತ್ತೆ ಮತ್ತೆ ನೋಡಿದೆ. ಅಪ್ಪನಿಗೂ ತೋರಿಸಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪಟದ ಚೀಲದಲ್ಲೇ ಇಟ್ಟುಕೋ, ಮೈದಾನದಲ್ಲಿ ಬೇಕಾಗುತ್ತದೆ.

ಆಕ್ಸೆಲ್, ಅಂದರೆ ಪಟವನ್ನು ಚಪ್ಪಟೆಯಾಗಿ ಒಂದು ಸುತ್ತು ತಿರುಗಿಸೋ ಆಟ, ಬರುತ್ತಿಲ್ಲ ಅಂತ ಪಟವನ್ನೇ ಬೈಯುತ್ತಿದ್ದೀಯ. ಪಟ ಸರಿ ಇದೆ. ನಿನ್ನ ಕೈಯೂ ಸರಿ ಇದೆ. ಆದರೆ ನೀನು ಆಕ್ಸೆಲ್‌ಗೆ ದಾರ ಜಗ್ಗುವಾಗ ಪಟ ಇನ್ನೂ ಓಡುತ್ತಲೇ ಇರುತ್ತದೆ. ಅದು ಮೊದಲು ಆಕಾಶದಲ್ಲಿ ನಿಲ್ಲಬೇಕು ಕೂಸೇ. ಹಾಗೆ ನಿಲ್ಲಿಸುವುದೇ ಸ್ಟಾಲ್, ಅದು ಬಾರದೆ ಆಕ್ಸೆಲ್ ಬರುವುದಿಲ್ಲ. ಇಷ್ಟು ಹೇಳೋಕೇ ಈ ಪತ್ರ.

ಕಣ್ಣಿಗಿಂತ ಕಿವಿಗೆ ಇದು ಬೇಗ ಗೊತ್ತಾಗುತ್ತದೆ. ಪಟ ಓಡುವಾಗ ಬಟ್ಟೆಯ ಹಿಂದಿನ ಅಂಚು ಭರ್ರ್ ಅನ್ನುತ್ತಿರುತ್ತದೆ. ಸ್ಟಾಲ್ ಆದ ಕ್ಷಣ ಆ ಸದ್ದು ಪೂರ್ತಿ ನಿಲ್ಲುತ್ತದೆ. ನಿನ್ನ ವಿಡಿಯೋದಲ್ಲಿ ಅದು ಒಂದು ಸಲವೂ ನಿಲ್ಲಲಿಲ್ಲ. ನಾನು ಫೋನನ್ನು ಕಿವಿಗೆ ಹಿಡಿದು ಕೇಳಿದೆ.

ನಿಲ್ಲಿಸುವುದು ಹೀಗೆ. ಪಟವನ್ನು ಎಡದಿಂದ ಬಲಕ್ಕೆ, ನೆಲಕ್ಕೆ ಸಮನಾಗಿ ಓಡಿಸು. ಎರಡಾಳು ಎತ್ತರ ಸಾಕು. ಗಾಳಿ ನಿನ್ನ ಬೆನ್ನಿಗಿರಬೇಕು. ನಟ್ಟನಡುವೆ, ಎದುರಿಗೇ ಇದ್ದಾಗ ಪಟದ ಸೆಳೆತ ಜಾಸ್ತಿ, ಅಲ್ಲಿ ಪ್ರಯತ್ನಿಸಬೇಡ. ಬಲಕ್ಕೆ ಸರಿದ ಹಾಗೆಲ್ಲ ದಾರದ ಬಿಗಿ ಇಳಿಯುತ್ತದೆ. ಆಗ ಎಡಗೈಯಿಂದ ಚಿಕ್ಕದಾಗಿ ಒಮ್ಮೆ ಎಳೆ. ಮೂಗು ಮೇಲಕ್ಕೆ ತಿರುಗುತ್ತದೆ. ತಿರುಗಿದ ಕೂಡಲೇ ಎರಡೂ ಕೈ ಮುಂದೆ ಕೊಡು, ಜೊತೆಗೆ ಒಂದು ಹೆಜ್ಜೆಯನ್ನೂ ಮುಂದಿಡು. ಪಟವನ್ನು ಮೇಲೆತ್ತುತ್ತಿದ್ದ ಗಾಳಿಯ ಹರಿವು ಕಡಿಯುತ್ತದೆ. ಅದು ಮೂಗು ಮೇಲೆ ಮಾಡಿಕೊಂಡು ಅಲ್ಲೇ ತೇಲುತ್ತದೆ. ಮೊದಮೊದಲು ಒಂದು ಕ್ಷಣ ನಿಂತು ವಾಲುತ್ತದೆ. ಪರವಾಗಿಲ್ಲ. ಬೆರಳಿನಷ್ಟು ಎಳೆದು, ಬೆರಳಿನಷ್ಟು ಬಿಟ್ಟು ಸರಿಮಾಡುತ್ತಾ ಹೋಗು. ಎರಡೂ ಕಡೆ ಅಭ್ಯಾಸ ಮಾಡು. ನಿನಗೆ ಬಲಗಡೆ ಸಲೀಸು ಅಂತ ಎಡಗಡೆ ಬಿಟ್ಟುಬಿಡುತ್ತೀಯ, ನನಗೆ ಗೊತ್ತು.

ಅದು ಹಿಡಿತಕ್ಕೆ ಬಂದ ಮೇಲೆ ಅದೇ ಸ್ಟಾಲ್‌ನಿಂದ ನೆಲಕ್ಕಿಳಿಸು. ನೆಲದ ಹತ್ತಿರ ನಿಲ್ಲಿಸಿ ಇನ್ನೊಂದು ಹೆಜ್ಜೆ ಮುಂದಿಟ್ಟರೆ ಎರಡು ರೆಕ್ಕೆಗಳ ತುದಿ ಒಟ್ಟಿಗೇ ಊರಿ ಕೂರುತ್ತದೆ. ಕಡ್ಡಿ ಮುರಿಯುವುದೂ ಅರ್ಧ ಕಡಿಮೆಯಾಗುತ್ತದೆ.

ಆಮೇಲೆ ನಿನ್ನ ಆಕ್ಸೆಲ್. ನಿಂತ ಪಟದ ಒಂದು ದಾರವನ್ನು ಚಟಕ್ಕನೆ ಜಗ್ಗಿ, ಆ ಕೂಡಲೇ ಎರಡೂ ದಾರ ಸಡಿಲ ಬಿಡಬೇಕು. ನೀನು ಜಗ್ಗುವುದು ಚೆನ್ನಾಗಿಯೇ ಇದೆ, ಬಿಡುವುದು ತಡ. ಕಾದ ಹಂಚಿಗೆ ಬೆರಳು ತಾಗಿದಾಗ ಕೈ ಎಷ್ಟು ಬೇಗ ಹಿಂದೆ ಬರುತ್ತದೆ, ಅಷ್ಟು ಬೇಗ ಬಿಡಬೇಕು. ಆಗ ಪಟ ಹೊಟ್ಟೆ ಕೆಳಗೆ ಮಾಡಿ ಚಪ್ಪಟೆಯಾಗಿ ಒಂದು ಸುತ್ತು ತಿರುಗುತ್ತದೆ. ತಿರುಗುವಷ್ಟು ಹೊತ್ತು ದಾರ ಜೋತಾಡುತ್ತಿರಬೇಕು. ಹೆದರಿ ನಡುವೆ ಎಳೆದರೆ ಸುತ್ತು ಅಲ್ಲೇ ಮುರಿಯುತ್ತದೆ, ದಾರ ರೆಕ್ಕೆಯ ತುದಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ದೂರದಿಂದ ಜಗ್ಗಬೇಡ. ಹಿಡಿಕೆ ನೆಲಕ್ಕಿಟ್ಟು, ಹತ್ತಿರ ಹೋಗಿ ಬಿಡಿಸು. ಫೇಡ್, ಬ್ಯಾಕ್‌ಸ್ಪಿನ್ ಅನ್ನೋ ಮುಂದಿನ ಆಟಗಳನ್ನೆಲ್ಲ ಇದಾದ ಮೇಲೆ ನೋಡೋಣ.

ಪಟ ಸುಮ್ನೆ ಒಂದೇ ಕಡೆ ಎಳೆಯುತ್ತದೆ ಅಂದೆಯಲ್ಲ, ಅದಕ್ಕೆ ಕಾರಣ ದಾರ. ಎರಡೂ ಕೈ ಸಮ ಇದ್ದರೂ ಬಲಕ್ಕೆ ತಿರುಗಿದರೆ ಬಲದ ದಾರ ಗಿಡ್ಡ ಇದೆ ಅಂತ ಅರ್ಥ. ಎರಡರ ತುದಿಯನ್ನೂ ಒಂದೇ ಗೂಟಕ್ಕೆ ಸಿಕ್ಕಿಸಿ, ಪೂರ್ತಿ 25 ಮೀಟರ್ ಬಿಚ್ಚಿ, ಎಳೆದು ನೋಡು. ಒಂದು ಬೆರಳಿನಷ್ಟು ವ್ಯತ್ಯಾಸವಿದ್ದರೂ ಪಟ ಹೇಳಿಬಿಡುತ್ತದೆ. ಸೂತ್ರದ ಗಂಟನ್ನು ಮಾತ್ರ ಮುಟ್ಟಬೇಡ. ನೀನು ಬಂದಾಗ ಇಬ್ಬರೂ ಕೂತು ನೋಡೋಣ. ಇನ್ನು ದಾರಗಳು ಒಂದಕ್ಕೊಂದು ಸುತ್ತಿಕೊಂಡರೆ ಗಾಬರಿಯಾಗಬೇಡ. ನಮ್ಮ ಡೈನೀಮಾ ದಾರ ಜಾರುತ್ತದೆ, ನಾಲ್ಕೈದು ಸುತ್ತು ಬಿದ್ದರೂ ಬಲ ಎಳೆದರೆ ಬಲಕ್ಕೇ ತಿರುಗುತ್ತದೆ.

ಈಗ ಪುಣೆಯ ಗಾಳಿ. ನಿನ್ನ ಕಷ್ಟದಲ್ಲಿ ಅರ್ಧ ಇದರದ್ದೇ. ಇಲ್ಲಿ ನಾವು ಕೊಲ್ವಾದ ಗದ್ದಲ ದಾಟಿ ಬೆನೌಲಿಮ್ ಕಡೆ ನಡೆದು, ಇಳಿತದ ಹೊತ್ತಿಗೆ ಗಟ್ಟಿ ಮರಳಿನ ಮೇಲೆ ನಿಲ್ಲುತ್ತಿದ್ದೆವು. ಮಧ್ಯಾಹ್ನದ ಮೇಲೆ ಸಮುದ್ರದಿಂದ ಬರುವ ಗಾಳಿಗೆ ದಾರಿಯಲ್ಲಿ ಅಡ್ಡ ಏನೂ ಇರುವುದಿಲ್ಲ, ಅದಕ್ಕೇ ಅಷ್ಟು ನಯ. ನಿನ್ನ ಹಾಸ್ಟೆಲ್ ಹತ್ತಿರದ ಮೈದಾನಕ್ಕೆ ಸುತ್ತಲೂ ಕಟ್ಟಡ. ಕಟ್ಟಡ ದಾಟಿ ಬಂದ ಗಾಳಿ ಸುಳಿ ಸುಳಿಯಾಗಿ ಬೀಳುತ್ತದೆ. ಒಮ್ಮೆ ಜೋರು, ಒಮ್ಮೆ ಏನೂ ಇಲ್ಲ. ಅಂಥ ಗಾಳಿಯಲ್ಲಿ ಪಟ ತಾನಾಗಿಯೇ ಬಿದ್ದರೂ ನಾನೇ ಬೀಳಿಸಿದೆ ಅಂದುಕೊಳ್ಳುತ್ತೀಯ. ಇನ್ನೂ ದೊಡ್ಡ ಬಯಲು ಹುಡುಕು. ಗಾಳಿ ಬರುವ ದಿಕ್ಕಿನಲ್ಲಿ ಕಟ್ಟಡ, ಮರ ಆದಷ್ಟೂ ದೂರವಿರಲಿ. ಗಂಟೆಗೆ 10ರಿಂದ 18 ಕಿಲೋಮೀಟರ್ ಗಾಳಿ ಕಲಿಯೋಕೆ ಒಳ್ಳೆಯದು. ಅದಕ್ಕಿಂತ ಜೋರಾದರೆ ದಾರ ಸಡಿಲ ಆಗುವುದೇ ಇಲ್ಲ, ಸುಮ್ನೆ ತೋಳು ನೋವು. ಕರೆಂಟಿನ ತಂತಿ ಕಣ್ಣಿಗೆ ಬಿದ್ದ ಕಡೆ ಪಟ ಬಿಚ್ಚಲೇಬೇಡ. ಲೋಹಗಾಂವ್ ವಿಮಾನ ನಿಲ್ದಾಣದ ಕಡೆಗಂತೂ ಬೇಡವೇ ಬೇಡ.

ಸಂಕ್ರಾಂತಿ ಹತ್ತಿರ ಬಂದಾಗ ಇನ್ನೊಂದು ಎಚ್ಚರ. ನೈಲಾನ್ ಮಾಂಜಾವನ್ನು, ಗಾಜು ಸವರಿದ ದಾರವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಆದರೂ ಹಕ್ಕಿಗಳು ಸಾಯುವುದು, ಬೈಕಿನವರ ಕುತ್ತಿಗೆ ಕೊಯ್ಯುವುದು ನಿಂತಿಲ್ಲ. ಅಂಥ ದಾರ ಹಾರುವ ಕಡೆ ನೀನು ಹೋಗಬೇಡ. ನಮ್ಮ ದಾರದಲ್ಲಿ ಗಾಜಿಲ್ಲ ನಿಜ, ಆದರೆ ಬಿಗಿಯಾಗಿದ್ದಾಗ ಅದೂ ಚರ್ಮ ಸೀಳುತ್ತದೆ. ಮಕ್ಕಳು ಓಡಿ ಬಂದರೆ ಆಟ ಬಿಟ್ಟು ಕೂಡಲೇ ಪಟ ಇಳಿಸು. ಅವರಿಗೆ ದಾರ ಕಾಣುವುದಿಲ್ಲ.

ನಿನ್ನ ರೂಮ್‌ಮೇಟ್ ಇದು ಚಿಕ್ಕ ಮಕ್ಕಳ ಆಟ ಅಂದಳಂತೆ. ಅವಳನ್ನೂ ಕರೆದುಕೊಂಡು ಹೋಗು, ಒಂದು ಸಲ ಹಿಡಿಕೆ ಅವಳ ಕೈಗೆ ಕೊಡು. ಎರಡನೇ ಮಹಾಯುದ್ಧದ ಕಾಲದಲ್ಲಿ ಪಾಲ್ ಗಾರ್ಬರ್ ಅನ್ನುವವರು ಅಮೆರಿಕದ ನೌಕಾಪಡೆಗೆ ಎರಡು ದಾರದ ಪಟ ಮಾಡಿಕೊಟ್ಟಿದ್ದರು. ಅದರ ಮೇಲೆ ವೈರಿ ವಿಮಾನದ ಆಕಾರ ಬರೆದು, ತಿರುಗಿಸಿ, ಮುಳುಗಿಸಿ ಹಾರಿಸುತ್ತಿದ್ದರು. ಗುರಿ ಕಲಿಯುವ ಗನ್ನರ್‌ಗಳು ಅದಕ್ಕೆ ಗುಂಡು ಹೊಡೆಯುತ್ತಿದ್ದರು. 1972ರಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ಎರಡು ದಾರದ ಪಟ ತಂದ ಮೇಲೆ ಈ ಆಟ ಜನರ ಕೈಗೆ ಬಂತು. ಅವರದಕ್ಕೆ ಉದ್ದ ಬಾಲಂಗೋಚಿ ಇತ್ತು. ನಮ್ಮದಕ್ಕೆ ಇಲ್ಲ, ಇದ್ದರೆ ಆಕ್ಸೆಲ್ ಸುತ್ತಲು ಬಿಡುವುದೂ ಇಲ್ಲ.

ಧಾರವಾಡದಲ್ಲಿ ಕಾರಹುಣ್ಣಿಮೆ ಹೊತ್ತಿಗೆ ಅಣ್ಣಂದಿರು ಪಟ ಬಿಡುತ್ತಿದ್ದರು. ನಾನು ಹಿಂದೆ ದಾರದ ಉಂಡೆ ಹಿಡಿದು ನಿಲ್ಲುತ್ತಿದ್ದೆ. ಕೊಡು ಅಂತ ಕೇಳಿದರೂ ಕೊಡುತ್ತಿರಲಿಲ್ಲ. ನನ್ನ ಕೈಗೆ ಪಟ ಬಂದದ್ದು ಗೋವಾಕ್ಕೆ ಬಂದ ಮೇಲೆ, ಅದೂ ನಿನ್ನ ಜೊತೆಗೆ. ಆದ್ದರಿಂದ ನೀನು ಬೇಜಾರಾಗಿ ಇದನ್ನು ಮೂಲೆಗಿಡುವುದು ನನಗೆ ಇಷ್ಟವಿಲ್ಲ ಅಂತ ನೇರವಾಗಿಯೇ ಹೇಳುತ್ತೇನೆ. ನೀನು ಚೆನ್ನಾಗಿ ಹಾರಿಸುತ್ತೀಯ. ಪಟ ತಿರುಗುವ ಮೊದಲೇ ನಿನ್ನ ಕಣ್ಣು ಅಲ್ಲಿಗೆ ಹೋಗಿರುತ್ತದೆ, ನನಗೆ ಈಗಲೂ ಹಾಗೆ ಬರುವುದಿಲ್ಲ.

ಈ ವಾರ ಆಕ್ಸೆಲ್ ಬೇಡ. ಬರೀ ಸ್ಟಾಲ್ ಮಾಡು, ಒಂದು ವಿಡಿಯೋ ಕಳಿಸು, ಹಾಡು ಗೀಡು ಹಾಕಬೇಡ, ನನಗೆ ಬಟ್ಟೆಯ ಸದ್ದು ಕೇಳಬೇಕು. ವಿಡಿಯೋದಲ್ಲಿ ಕೆಳಗಿನ ಅಡ್ಡಕಡ್ಡಿ ಬಾಗಿದ ಹಾಗೆ ಕಾಣಿಸಿತು. ಬೆರಳಾಡಿಸಿ ನೋಡು, ಎಳೆ ಎದ್ದಿದ್ದರೆ ಹಾರಿಸಬೇಡ, ಕಾರ್ಬನ್ ಸಿಬಿರು ಚುಚ್ಚಿದರೆ ತೆಗೆಯುವುದು ಕಷ್ಟ. ಇಲ್ಲಿ ಒಂದು ಹೊಸ ಕಡ್ಡಿ ಇದೆ. ದೀಪಾವಳಿಗೆ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಬರುವಾಗ ಪಟ ತಾ, ಕೂಡಿಸಿಕೊಡುತ್ತೇನೆ. ಟಿಕೆಟ್ ಈಗಲೇ ಮಾಡಿಸು, ಆಮೇಲೆ ಸಿಗುವುದಿಲ್ಲ.

ನಿನ್ನ
ಅವ್ವ