ಚುಕ್ಕಿ ಎಣಿಸುವ ಮುಂಚೆ

ಪ್ರೀತಿಯ ಚಿನ್ನು,

ನಿನ್ನ ಮೆಸೇಜ್ ನೋಡಿದೆ. ನಿನ್ನ ಲ್ಯಾಬಿನ ಪ್ರಯೋಗದಲ್ಲಿ ಎಚ್‌ಐವಿ ಇರುವವರ ರಕ್ತದಲ್ಲಿ ಸಿಎಂವಿ (ಸೈಟೊಮೆಗಲೊವೈರಸ್) ವಿರುದ್ಧದ ಟಿ ಸೆಲ್‌ಗಳು, ಅಂದರೆ ಸೋಂಕಿನ ಮೇಲೆ ಬೀಳುವ ಬಿಳಿ ರಕ್ತಕಣಗಳು, ಉಳಿದವರಿಗಿಂತ ಜಾಸ್ತಿ ಬಂದಿವೆ, ‘ಮಾಮ, ಇದು ಒಳ್ಳೇದೇ ಅಲ್ವಾ’ ಅಂತ ಕೇಳಿದ್ದೀಯ. ಅಷ್ಟು ಬೇಗ ಖುಷಿಪಡಬೇಡ ಮಾರಾಯ್ತಿ.

ಸೈಟೊಮೆಗಲೊವೈರಸ್ ಅಂದರೆ ನಮ್ಮಜ್ಜಿಗೆ ಬಂದಿದ್ದ ಸರ್ಪಸುತ್ತಿನ ವೈರಸ್‌ನ ದಾಯಾದಿ. ಒಮ್ಮೆ ಒಳಗೆ ಬಂತೆಂದರೆ ಕೊನೇತನಕ ಮೂಲೆಯಲ್ಲಿ ಮಲಗಿರುತ್ತದೆ. ಅದನ್ನು ಕಾಯುವುದಕ್ಕೇ ಆರೋಗ್ಯವಂತರಲ್ಲೂ ನೆನಪಿನ ಟಿ ಸೆಲ್‌ಗಳಲ್ಲಿ (ಹಳೇ ಸೋಂಕನ್ನು ನೆನಪಿಟ್ಟವು) ಸರಾಸರಿ 10% ಮೀಸಲಾಗಿರುತ್ತವೆ ಅಂತ 2005ರಲ್ಲೇ ಲೆಕ್ಕ ಸಿಕ್ಕಿತ್ತು. ಒಂದೇ ವೈರಸ್‌ಗೆ ಅಷ್ಟು!

ಎಚ್‌ಐವಿಗೆ ಚಿಕಿತ್ಸೆ ಇಲ್ಲದೆ ಸಿಡಿ4 ಎಣಿಕೆ (ಉಳಿದ ಸೆಲ್‌ಗಳಿಗೆ ನೆರವಾಗುವ ಟಿ ಸೆಲ್‌ಗಳು, ಒಂದು ಮೈಕ್ರೋಲೀಟರ್ ರಕ್ತದಲ್ಲಿ) 50ಕ್ಕಿಂತ ಕೆಳಗೆ ಬಿದ್ದರೆ ಕಾವಲು ಕುಸಿದು, ಸಿಎಂವಿ ಎದ್ದು ಕಣ್ಣಿನ ರೆಟಿನಾಗೇ ಕೈ ಹಾಕುತ್ತದೆ. ನೋವಿಲ್ಲ, ಕಣ್ಣ ಮುಂದೆ ಕಪ್ಪು ಚುಕ್ಕಿ ತೇಲಿದ ಹಾಗೆ, ಅಷ್ಟೇ. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಬಂದಮೇಲೆ ಅದು ಬಹಳ ಕಡಿಮೆಯಾಯಿತು, ನಮ್ಮಲ್ಲಿ 2004ರಿಂದ ಸರ್ಕಾರವೇ ಪುಕ್ಕಟೆ ಕೊಡುತ್ತಿದೆ. ಆದರೆ ಸಿಡಿ4 ಏರಿದರೂ ಸಿಎಂವಿ ಕಾಯಲು ನಿಂತ ಸಿಡಿ8 ಪಡೆ (ಸೋಂಕಿತ ಸೆಲ್‌ಗಳನ್ನು ಕೊಲ್ಲುವ ಟಿ ಸೆಲ್‌ಗಳು) ಮಾತ್ರ ಕರಗುವುದಿಲ್ಲ. ಅದರಲ್ಲಿ ಬಹಳಷ್ಟು ಮೈಮೇಲಿನ ಸಿಡಿ28 ಗುರುತು ಕಳೆದುಕೊಂಡು ಸಿಡಿ57 ಗುರುತು ಹೊತ್ತ ದಣಿದ ಮುದುಕರು. 2011ರಲ್ಲಿ ಎಆರ್‌ಟಿ ತಗೊಂಡೂ ಸಿಡಿ4 ಸರಿಯಾಗಿ ಏರದವರಿಗೆ ಎಂಟು ವಾರ ಸಿಎಂವಿಯನ್ನು ತಡೆಯುವ ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಕೊಟ್ಟು ನೋಡಿದರು, ಸಿಡಿ8ಗಳ ಉದ್ರೇಕ ಇಳಿಯಿತು. ಅಂದರೆ ಒಳಗೆ ಯಾರೋ ಕೆಣಕುತ್ತಲೇ ಇದ್ದರು. ನಿನ್ನ ದೊಡ್ಡ ಸಂಖ್ಯೆ ಶಕ್ತಿಯ ಗುರುತೇ ಆಗಬೇಕಿಲ್ಲ.

ಇನ್ನೊಂದು. ನಿನ್ನ ಕಂಟ್ರೋಲ್ ಗುಂಪಿನಲ್ಲಿ (ಹೋಲಿಕೆಗೆ ಇಟ್ಟವರು) ಯಾರಿದ್ದಾರೆ? ಲ್ಯಾಬಿನ ಹುಡುಗರೇ ಅಲ್ವಾ? ರೋಗಿಗಳಿಗೆ ನಲವತ್ತೈದು, ಇವರಿಗೆ ಇಪ್ಪತ್ತೆರಡು ಅಂದರೆ ನೀನು ವಯಸ್ಸನ್ನು ಅಳೆಯುತ್ತಿದ್ದೀಯ, ಏಕೆಂದರೆ ಸಿಎಂವಿ ಸೆಲ್‌ಗಳು ವರ್ಷ ಹೋದಂತೆ ಹೆಚ್ಚುತ್ತವೆ. ಸಿಎಂವಿ ಸೋಂಕೇ ಇಲ್ಲದವರು ಸೇರಿದ್ದರಂತೂ ಕಥೆ ಮುಗೀತು. ಅಮೆರಿಕದಲ್ಲಿ ನಲವತ್ತರ ಹೊತ್ತಿಗೂ ಅರ್ಧದಷ್ಟು ಜನರಿಗೆ ಅದು ತಗುಲಿರುವುದಿಲ್ಲ. ನಮ್ಮಲ್ಲಿ ದೊಡ್ಡವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ, ಆದರೂ ಸೋಂಕು ತಗುಲಿತ್ತಾ ಅಂತ ತಿಳಿಸುವ ಐಜಿಜಿ ಟೆಸ್ಟ್ ಮಾಡಿಸದೆ ಬರೆಯಬೇಡ.

ನನ್ನ ಪೆದ್ದುತನ ಹೇಳುತ್ತೇನೆ. ಒಮ್ಮೆ ಸಂಜೆ ಬಂದ ರಕ್ತದ ಟ್ಯೂಬ್‌ಗಳನ್ನು ಸುಮ್ನೆ ಫ್ರಿಜ್‌ಗೆ ಹಾಕಿ ಮನೆಗೆ ಹೋದೆ. ಮರುದಿನ ಸೆಲ್ ತೆಗೆದು, ಸಿಎಂವಿಯ ಪೆಪ್ಟೈಡ್ (ಪ್ರೋಟೀನ್ ತುಣುಕು) ಜೊತೆ ಪ್ಲೇಟಿಗೆ ಹಾಕಿದರೆ ನೀಲಿ ಚುಕ್ಕಿ ಅಲ್ಲೊಂದು ಇಲ್ಲೊಂದು; ಒಂದೊಂದು ಚುಕ್ಕಿಯೂ ಪ್ರತಿಕ್ರಿಯಿಸಿದ ಒಂದು ಸೆಲ್. ಈ ರೋಗಿಗೆ ಸಿಎಂವಿ ಪ್ರತಿಕ್ರಿಯೆಯೇ ಇಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ. ಎರಡು ವಾರ ಬಿಟ್ಟು ಅದೇ ವ್ಯಕ್ತಿಯ ತಾಜಾ ರಕ್ತ ಹಾಕಿದಾಗ ಬಾವಿ ತುಂಬ ಚುಕ್ಕಿ, ಎಣಿಸಲಾಗದಷ್ಟು (ಪ್ಲೇಟಿನ ಗುಳಿ, ಅಂದರೆ ವೆಲ್‌ಗೆ ನಾವು ಬಾವಿ ಅಂತಲೇ ಅನ್ನುತ್ತಿದ್ದೆವು). ಫ್ರಿಜ್‌ನ ಚಳಿಗೆ ಸೆಲ್‌ಗಳು ಸೊರಗಿದ್ದವು, ಅಷ್ಟೇ.

ಭಾನುವಾರ ಆ ಪ್ಲೇಟಿನ ಫೋಟೋ ಕಳಿಸು. ಪೆಪ್ಟೈಡ್ ಹಾಕದ ಬಾವಿಗಳದ್ದೂ ಇರಲಿ, ಅಲ್ಲೂ ಚುಕ್ಕಿ ಬಂದಿದೆಯಾ ನೋಡೋಣ.

ನಿನ್ನ ಮಾಮ