ಇಐಆರ್-21 ನೋಡಲು ಹೊರಟ ಮಗಳಿಗೆ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿಯ ಸಮಾಚಾರವೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಿನ್ನ ಕಾಗದದ ಕೊನೆಗೆ, ಸಹಿಯ ಕೆಳಗೆ ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಬರೆದಿದ್ದೀಯಲ್ಲ, ಆ ಸಾಲಿನ ಬಗ್ಗೆಯೇ ಬರೆಯುತ್ತಿದ್ದೇನೆ. "ಚೆನ್ನೈನ ಎಗ್ಮೋರಿನಿಂದ ಹಳೇ ಸ್ಟೀಮ್ ಇಂಜಿನ್ ಓಡಿಸ್ತಾರಂತೆ, ಮಗನಿಗೆ ತೋರಿಸೋಣ ಅಂತಿದ್ದೀನಿ. ಆದರೆ ದೊಡ್ಡಪ್ಪ, ಅಷ್ಟು ಹಳೇ ಬಾಯ್ಲರು ಸಿಡಿದರೆ?"

ಇದನ್ನು ಕೇಳಿ ಯಜಮಾನರು ನಕ್ಕರು ಅಂತಲೂ ಬರೆದಿದ್ದೀಯ. ನನಗೆ ನಗು ಬರಲಿಲ್ಲ ಕಣಮ್ಮ. ಸೋಮವಾರ ಓದಿದ್ದು, ಇವತ್ತಿಗೂ ಮಧ್ಯರಾತ್ರಿ ಎಚ್ಚರವಾದರೆ ಅದೇ ಸಾಲು.

ಆ ಇಂಜಿನ್, ಇಐಆರ್-21, ಹಳೆಯದು ನಿಜ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕಿಟ್ಸನ್, ಥಾಂಪ್ಸನ್ ಅಂಡ್ ಹೆವಿಟ್ಸನ್‌ನವರು ಈಸ್ಟ್ ಇಂಡಿಯನ್ ರೈಲ್ವೆಗೆ ಕಟ್ಟಿಕೊಟ್ಟಿದ್ದು. ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿ ಆಗಿನ್ನೂ ಎರಡೇ ವರ್ಷ. ಇದರ ಜೊತೆಯದೇ 22ನೇ ನಂಬರಿನದು, ಎಲ್ಲರೂ ಹೆಸರು ಕೇಳಿರುವ ಫೇರಿ ಕ್ವೀನ್. ನೀನು ನೋಡಹೊರಟಿರುವ 21, ಎಕ್ಸ್‌ಪ್ರೆಸ್, 1909ರಲ್ಲಿ ಕೆಲಸ ಬಿಟ್ಟು ಜಮಾಲ್‌ಪುರ, ಹೌರಾಗಳಲ್ಲಿ ನೂರು ವರ್ಷ ಸುಮ್ಮನೆ ನಿಂತಿತ್ತು. 2010ರಲ್ಲಿ ಚೆನ್ನೈನ ಪೆರಂಬೂರಿನ ಲೋಕೋ ಕಾರ್ಖಾನೆಯವರು, ಕಳೆದುಹೋಗಿದ್ದ ಎಷ್ಟೋ ಭಾಗಗಳನ್ನು ತಾವೇ ಮಾಡಿ ಜೋಡಿಸಿ, ಮತ್ತೆ ಓಡಿಸಿದರು. ಆ ಕೆಲಸ ಮಾಡಿದ ಕೈಗಳಿಗೆ ನನ್ನ ನಮಸ್ಕಾರ.

ಆದರೆ ನೀನು ಕೇಳಿದ್ದು ಚರಿತ್ರೆಯನ್ನಲ್ಲ. ಸಿಡಿದರೆ ಅಂತ ಕೇಳಿದೆ.

ಬಾಯ್ಲರು ಮುಪ್ಪಿನಿಂದ ಸಿಡಿಯುವುದು ಅಪರೂಪ. ಎಷ್ಟು ಹಳೆಯದಾದರೂ ಮೊದಲು ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ತಣ್ಣೀರು ತುಂಬಿ ಪರೀಕ್ಷೆ ಮಾಡುತ್ತಾರೆ. ಸೋರುವುದಿದ್ದರೆ ಅಲ್ಲೇ ಸೋರುತ್ತದೆ, ಯಾರಿಗೂ ಅಪಾಯವಿಲ್ಲ. ಅದನ್ನು ನಿಜವಾಗಿ ಸಿಡಿಸುವುದು ನೀರಿನ ಕೊರತೆ. ಬೆಂಕಿ ಉರಿಯುವ ಗೂಡೇ ಫೈರ್‌ಬಾಕ್ಸ್. ಅದರ ನೆತ್ತಿಯ ತಗಡಿಗೆ ಕೆಳಗೆ ಬೆಂಕಿ, ಮೇಲೆ ನೀರು. ಆ ನೀರು ಇರುವವರೆಗೆ ತಗಡು ಗಟ್ಟಿ. ನೀರು ಇಳಿದು ತಗಡು ಬರಿದಾಯಿತೋ, ಕೆಂಪಗೆ ಕಾದು, ಮೆತ್ತಗಾಗಿ, ಮೇಲಿನ ಒತ್ತಡಕ್ಕೆ ಬಗ್ಗಿ ಹರಿಯುತ್ತದೆ. ನಾನು ಕೆಲಸ ಮಾಡುತ್ತಿದ್ದ ವೈಪಿ ಅನ್ನುವ ಮೀಟರ್ ಗೇಜ್ ಸ್ಟೀಮ್ ಇಂಜಿನ್ನುಗಳಲ್ಲಿ ಚದರ ಇಂಚಿಗೆ 210 ಪೌಂಡ್ ಒತ್ತಡ. ಆ ಒತ್ತಡದಲ್ಲಿ 200 ಡಿಗ್ರಿ ಕಾದ ಮೇಲೂ ನೀರು ನೀರಾಗಿಯೇ ಇರುತ್ತದೆ. ತಗಡು ಹರಿದ ಕ್ಷಣ ಅದರಲ್ಲಿ ಸುಮಾರು ಐದರಲ್ಲೊಂದು ಪಾಲು ಏಕಾಏಕಿ ಆವಿಯಾಗಲು ನುಗ್ಗುತ್ತದೆ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಜಾಗ ಬೇಕು. ಅಷ್ಟು ಹೇಳಿದರೆ ಸಾಕು.

ಈ ಲೆಕ್ಕವೆಲ್ಲ ಬಾಯಿಪಾಠ ಮಾಡಿದ್ದವನೇ ನಾನು. ಆದರೂ ತಪ್ಪು ಮಾಡಿದೆ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

ಫೈರ್‌ಮನ್ ಆಗಿ ಎರಡನೇ ವರ್ಷ. ರಾತ್ರಿ ಪ್ಯಾಸೆಂಜರ್, ಉದ್ದದ ಏರು. ಏರು ಹತ್ತುವಾಗ ಇಂಜಿನ್ ಮೂತಿ ಮೇಲಕ್ಕಿರುವುದರಿಂದ ನೀರೆಲ್ಲ ಹಿಂದಕ್ಕೆ ಸರಿದು, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಕಲ್ಲಿದ್ದಲು ಚೆನ್ನಾಗಿರಲಿಲ್ಲ, ಸ್ಟೀಮ್ ಒತ್ತಡ ಬೀಳುತ್ತಿತ್ತು. ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ಹಾಕಿದರೆ ತಣ್ಣೀರು ಹೋಗಿ ಇನ್ನೂ ಬೀಳುತ್ತದೆ, ಡ್ರೈವರ್ ಬೈಯುತ್ತಾರೆ ಅಂತ ಹಾಕಲಿಲ್ಲ. ಏರಿನ ನೆತ್ತಿ ದಾಟಿ ಇಳಿಜಾರಿಗೆ ತಿರುಗಿದ್ದೇ ತಡ, ನೀರು ಮುಂದಕ್ಕೆ ಹೋಯಿತು. ಲಾಂದ್ರ ಎತ್ತಿ ನೋಡಿದೆ. ಗಾಜು ಖಾಲಿ. ಬಟ್ಟೆಯಿಂದ ಒರೆಸಿ ಮತ್ತೆ ನೋಡಿದೆ, ಕೊಳೆ ಇರಬಹುದು ಅಂತ. ನೀರು ಇಳಿದಾಗ ಕರಗಿ ಬೆಂಕಿಯ ಮೇಲೆ ಸ್ಟೀಮ್ ಬಿಡಲೆಂದೇ ಫೈರ್‌ಬಾಕ್ಸಿನ ನೆತ್ತಿಯಲ್ಲಿ ಲೆಡ್ ಪ್ಲಗ್, ಸೀಸದ ಬಿರಡೆ, ಇರುತ್ತದೆ. ಅದು ಕರಗಿತು. ನಾವು ಉಳಿದೆವು.

ಬೆಂಕಿ ಎಳೆದು ಹಾಕಿ ಕತ್ತಲಲ್ಲಿ ನಿಂತಿದ್ದಾಗ ಐದಾರು ವರ್ಷದ ಹುಡುಗನೊಬ್ಬ ಬೋಗಿಯಿಂದ ಇಳಿದು ಬಂದು, ಚಕ್ರದ ಪಕ್ಕ ನಿಂತು ಇಂಜಿನ್ನನ್ನೇ ನೋಡುತ್ತಿದ್ದ. ನಿನ್ನ ಮಗನ ವಯಸ್ಸೇ. ನೀನು ಬರೆದ ಸಾಲು ಓದಿದಾಗ ನನ್ನ ಕಣ್ಣಿಗೆ ಬಂದಿದ್ದು ಆ ಮಗು.

ವಿಚಾರಣೆಯಲ್ಲಿ ಡ್ರೈವರ್ ಸಾಹೇಬರು, ಇಂಜೆಕ್ಟರ್ ಹಾಕಬೇಡ ಅಂತ ನಾನೇ ಹೇಳಿದ್ದೆ ಅಂದರು. ಹೇಳಿರಲಿಲ್ಲ. ಅವರ ಇನ್‌ಕ್ರಿಮೆಂಟ್ ನಿಂತಿತು, ನನ್ನ ನೌಕರಿ ಉಳಿಯಿತು. ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ರಿಟೈರ್ ಆದಮೇಲೆ ಅವರ ಮನೆ ಬಾಗಿಲವರೆಗೆ ಒಮ್ಮೆ ಹೋದೆ. ಕಾಫಿ ಕೊಟ್ಟರು, ಮಕ್ಕಳ ವಿಷಯ ಮಾತಾಡಿದೆವು. ಹೇಳಲು ಹೋಗಿದ್ದನ್ನು ಹೇಳದೇ ಬಂದೆ. ಈಗ ಅವರಿಲ್ಲ.

ಹಾಗಾಗಿ ನಿನ್ನ ಭಯ ದಡ್ಡತನದ್ದಲ್ಲ ಪುಟ್ಟಿ. ಆದರೆ ಹೋಗು, ಖಂಡಿತ ಹೋಗು. ನಾನೂ ಒಮ್ಮೆ ಅದನ್ನು ಎಗ್ಮೋರಿನಲ್ಲಿ ನೋಡಿದ್ದೇನೆ. ಪುಟ್ಟ ಇಂಜಿನ್, ನಡುವೆ ಆಳೆತ್ತರದ ಒಂದು ಜೊತೆ ಚಕ್ರ, ಹಿಂದೆ ಮುಂದೆ ಸಣ್ಣವು. ನೀರು, ಕಲ್ಲಿದ್ದಲು ಹೊರುವ ಹಿಂದಿನ ಬಂಡಿ, ಟೆಂಡರ್, ಇಲ್ಲ; ನೀರು ಹೊಟ್ಟೆಯ ಕೆಳಗಿನ ತೊಟ್ಟಿಯಲ್ಲೇ. ಎಲ್ಲರೂ ಚಿಮಣಿಯ ಹೊಗೆ ನೋಡುತ್ತಿದ್ದರೆ ನಾನು ಜನರ ನಡುವೆ ನುಗ್ಗಿ ಗೇಜ್ ಗ್ಲಾಸ್ ಹುಡುಕಿದೆ. ನೀರು ಅರ್ಧದ ಮೇಲಿತ್ತು, ಸಣ್ಣಗೆ ಅಲುಗುತ್ತಿತ್ತು. ಅಲುಗುವ ನೀರೇ ನಿಜವಾದ ನೀರು. ಅಲುಗದೆ ನಿಂತರೆ ಕೊಳವೆ ಕಟ್ಟಿಕೊಂಡಿದೆ ಅಂತ ಅನುಮಾನಿಸಬೇಕು. ಅಲ್ಲಿದ್ದ ಹುಡುಗ ನಿಮಿಷಕ್ಕೊಮ್ಮೆ ಅದರತ್ತ ಕಣ್ಣು ಹಾಯಿಸುತ್ತಿದ್ದ. ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಹೇಳಲಾರೆ.

ಬುದ್ಧಿ ಹೇಳುವಷ್ಟು ಯೋಗ್ಯತೆ ನನಗಿದೆಯೋ ಇಲ್ಲವೋ, ಎರಡು ಮಾತು ಹೇಳುತ್ತೇನೆ. ಹೊರಡುವಾಗ ಮುಂದಿನ ಸಿಲಿಂಡರಿನಿಂದ ಪಕ್ಕಕ್ಕೆ ಬಿಸಿ ಸ್ಟೀಮ್ ಚಿಮ್ಮುತ್ತದೆ, ಅಲ್ಲಿ ನಿಲ್ಲಬೇಡಿ. ಮೇಲಿನಿಂದ ಇದ್ದಕ್ಕಿದ್ದಂತೆ ಭುಸ್ಸೆಂದರೆ ಸೇಫ್ಟಿ ವಾಲ್ವ್, ಹೆದರಬೇಡ, ಅದು ಒಳ್ಳೆಯ ಸದ್ದು. ಮಗುವಿನ ಕಿವಿ ಮುಚ್ಚು. ಕಿಡಿ ಬೀಳುತ್ತದೆ, ಹತ್ತಿ ಬಟ್ಟೆ ಹಾಕು. ಇದೆಲ್ಲ ನಿನಗೂ ತೋಚಿರುತ್ತದೆ.

ಸಾಧ್ಯವಾದರೆ ಅವನನ್ನು ಎತ್ತಿಕೊಂಡು ಆ ಗಾಜನ್ನು ತೋರಿಸು. ನೀರು ಎಷ್ಟಿತ್ತು ಅಂತ ನನಗೆ ಬರೆಯಲಿ.

ನಿನ್ನ ದೊಡ್ಡಪ್ಪ