ಮೂಗಿನ ತಪಾಸಣೆಯೂ ಆಗಲಿ

ಮಾನ್ಯರೇ,

ಕಣ್ಣಿಗೆ ತಪಾಸಣಾ ಶಿಬಿರ ಇದೆ, ಕಿವಿಗೂ ಇದೆ. ಮೂಗನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೋವಿಡ್ ಬಂದು ಹೋದ ಮೇಲೆ ನಮ್ಮ ಅತ್ತೆಗೆ ವಾಸನೆಯೇ ಗೊತ್ತಾಗುತ್ತಿಲ್ಲ. ಹಾಲು ತಳ ಹಿಡಿದು ಕರಟಿದರೂ ಪಕ್ಕದಲ್ಲೇ ಕೂತು ಹುರುಳಿಕಾಯಿ ಸೋಸುತ್ತಿರುತ್ತಾರೆ. ಡಾಕ್ಟರ್‌ಗೆ ತೋರಿಸಿದರೆ ‘ವಯಸ್ಸಾಯ್ತಲ್ಲ, ಬಿಡಿ’ ಅಂದರು. ಹಾಗೆ ಸುಮ್ನೆ ಬಿಡುವ ವಿಷಯವೇ ಇದು?

ನಮ್ಮ ಮೂಗಿನ ಮೇಲ್ಭಾಗದ ನರಕೋಶಗಳಲ್ಲಿ ವಾಸನೆಯ ಕಣಗಳನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ (ರಿಸೆಪ್ಟರ್). ಒಂದು ವಾಸನೆ ಬಂದರೆ ಹಲವು ಗ್ರಾಹಕಗಳು ಒಟ್ಟಿಗೆ ಎಚ್ಚರಾಗುತ್ತವೆ, ಯಾವ್ಯಾವುದು ಎಚ್ಚರಾಯಿತು ಅನ್ನುವುದರ ಮೇಲೆ ಮಿದುಳು ಇದು ಇಂಗು, ಇದು ಮಲ್ಲಿಗೆ ಎಂದು ಗುರುತು ಹಿಡಿಯುತ್ತದೆ. ಈ ಗ್ರಾಹಕಗಳ ಜೀನ್‌ಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ನೋಡಿದ್ದು, ಕೇಳಿದ್ದು ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗವನ್ನು ಹಾದು ಹೋಗಬೇಕು. ವಾಸನೆಗೆ ಆ ಸುತ್ತು ಬೇಕಿಲ್ಲ, ಭಾವನೆ ಮತ್ತು ನೆನಪಿನ ಜಾಗಗಳಿಗೆ ಹತ್ತಿರದ ದಾರಿಯೇ ಇದೆ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಕುಂದಬಹುದು. ಅಡುಗೆ ಗ್ಯಾಸ್‌ಗೆ ಗಬ್ಬು ವಾಸನೆ ಸೇರಿಸುವುದೇ ಸೋರಿದರೆ ತಿಳಿಯಲಿ ಅಂತ, ಅತ್ತೆಯಂಥವರಿಗೆ ಅದೂ ತಿಳಿಯುವುದಿಲ್ಲ ಅಲ್ವಾ?

ಮೂಗಿನ ನರಕೋಶಗಳು ಮತ್ತೆ ಮತ್ತೆ ಹುಟ್ಟುತ್ತವೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆ ಎರಡು ಸಲ ಗಮನವಿಟ್ಟು ಮೂಸುವ ಅಭ್ಯಾಸ ತಿಂಗಳುಗಟ್ಟಲೆ ಮಾಡಿದರೆ ಹಲವರಿಗೆ ವಾಸನೆ ಸ್ವಲ್ಪವಾದರೂ ಮರಳುತ್ತದೆ. ಇಷ್ಟು ಹೇಳಲು ಜಾಸ್ತಿ ಖರ್ಚೇನೂ ಇಲ್ಲ. ಹಿರಿಯರ ಆರೋಗ್ಯ ಶಿಬಿರಗಳಲ್ಲಿ ಆರೋಗ್ಯ ಇಲಾಖೆ ಮೂಗನ್ನೂ ಪರೀಕ್ಷೆ ಮಾಡಿಸಲಿ.

– ಓದುಗ, ಶಿವಮೊಗ್ಗ